ಮುಚ್ಚಿಟ್ಟ ತಟ್ಟೆ

ಆ ಮನೆಯಲ್ಲಿ ಒಬ್ಬರಿಗೆ ಬೆಳಗಾಗುತ್ತಿದ್ದದ್ದೇ ಸಂಜೆ. ಕೆಳಗೆ ಬೇಕರಿ, ಮೇಲೆ ಮನೆ. ಬೀದಿಯವರೆಲ್ಲ ದೀಪ ಆರಿಸುವ ಹೊತ್ತಿಗೆ ಬೇಕರಿ ಯಜಮಾನ ಕೆಳಗಿಳಿದು ಹಿಟ್ಟು ಕಲಸಲು ಶುರುಮಾಡುತ್ತಿದ್ದ. ಹಾಲಿನವನು ಬರುವಷ್ಟರಲ್ಲಿ ಬ್ರೆಡ್ಡು, ಬನ್ನುಗಳ ಟ್ರೇಗಳನ್ನೆಲ್ಲ ಅಂಗಡಿಯ ಮುಂಭಾಗಕ್ಕೆ ಸಾಗಿಸಿ, ಕೈಕಾಲು ತೊಳೆದು, ಮಲಗಲು ಮೇಲೆ ಹೊರಡುತ್ತಿದ್ದ. ಅವನು ಮೆಟ್ಟಿಲು ಹತ್ತುವಾಗ ಅವನ ಹೆಂಡತಿ ಅಂಗಡಿ ತೆಗೆಯಲು ಇಳಿಯುತ್ತಿದ್ದಳು. ಬೀದಿಗೆಲ್ಲ ಅವಳು ಬೇಕರಿಯಮ್ಮ. ಮೆಟ್ಟಿಲು ಕಿರಿದು, ಒಬ್ಬರು ಗೋಡೆಗೆ ಒತ್ತಿ ನಿಂತರಷ್ಟೇ ಇನ್ನೊಬ್ಬರಿಗೆ ದಾರಿ. ಗಂಡ ಹೆಂಡತಿಯ ಆ ದಿನದ ಮಾತುಕತೆಯೆಲ್ಲ ಹೆಚ್ಚುಕಡಿಮೆ ಅಲ್ಲೇ ಮುಗಿಯುತ್ತಿತ್ತು.

"ಎರಡನೇ ಟ್ರೇ ಸ್ವಲ್ಪ ಜಾಸ್ತಿ ಕೆಂಪಾಗಿದೆ, ಮುಂದೆ ಇಡ್ಬೇಡ."

"ಗ್ಯಾಸಿನವನು ಬಾಗಿಲು ಬಡಿದ್ರೆ ನೀವು ಏಳ್ಬೇಡಿ. ನಾನು ನೋಡ್ಕೋತೀನಿ."

"ಹ್ಞೂಂ."

ಸಂಜೆ ಅವನು ಏಳುವಾಗ ಹಾಸಿಗೆಯ ಇನ್ನೊಂದು ಬದಿ ಖಾಲಿ. ಅಡುಗೆಮನೆಯಲ್ಲಿ ಮುಚ್ಚಳ ಮುಚ್ಚಿಟ್ಟ ಒಂದು ತಟ್ಟೆ. ಉಂಡು, ತಟ್ಟೆ ತೊಳೆದು, ಬೋರಲು ಹಾಕಿ ಅವನು ಕೆಳಗಿಳಿಯುತ್ತಿದ್ದ. ಅಂಗಡಿ ಮುಚ್ಚಿ ಬಂದ ಬೇಕರಿಯಮ್ಮ ಬೋರಲು ತಟ್ಟೆಯನ್ನು ನೋಡಿ, ಊಟ ಆಗಿದೆ ಎಂದುಕೊಂಡು, ತನ್ನ ತಟ್ಟೆಗೆ ಬಡಿಸಿಕೊಳ್ಳುತ್ತಿದ್ದಳು. ಮದುವೆಯಾದ ವರ್ಷ ಶುರುವಾದ ರೂಢಿ ಇದು. ಮಗಳು ಹುಟ್ಟಿ, ಓದಿ, ಅವಳಿಗೂ ಮದುವೆಯಾದರೂ ತಟ್ಟೆ ಮಾತ್ರ ತನ್ನ ಜಾಗ ಬಿಟ್ಟು ಕದಲಿರಲಿಲ್ಲ.

ಮಗಳನ್ನು ಎಲ್ಲರೂ ಕರೆಯುವುದು ರಸ್ಕು ಎಂದು. ಚಿಕ್ಕವಳಿದ್ದಾಗ ತೆಳ್ಳಗೆ, ಒಣಕಲಾಗಿದ್ದಳು. ಯಾರಾದರೂ ಸ್ವಲ್ಪ ಮುಟ್ಟಿದರೆ ಸಾಕು, ಚಟ್ ಅಂತ ಮುರಿದುಬೀಳುವವಳ ಹಾಗೆ ಮಾತಾಡುತ್ತಿದ್ದಳು. ಈಗ ಮೈ ತುಂಬಿಕೊಂಡಿದ್ದಾಳೆ, ಮಾತು ಹಾಗೇ ಇದೆ. ಅವಳ ಗಂಡ ಕೆಲಸ ಮಾಡುತ್ತಿದ್ದ ಪೇಂಟಿನ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಇಲ್ಲಿಗೇ ಬಂದು ಪಕ್ಕದ ಕೋಣೆಯಲ್ಲಿದ್ದರು. ಹೊಸ ಜೋಡಿ. ಬೆಳಿಗ್ಗೆ ಟವೆಲ್ಲಿಗೆ ಜಗಳ, ಸಂಜೆ ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂದು ಜಗಳ, ಅದರ ಹಿಂದೆಯೇ ನಗು. ಗೋಡೆಯಾಚೆ ಒಬ್ಬಳೇ ಮಲಗಿದ್ದ ಬೇಕರಿಯಮ್ಮನಿಗೆ ಎಲ್ಲವೂ ಕೇಳುತ್ತಿತ್ತು.

ಒಂದು ಭಾನುವಾರ ಅವಳು ಊಟದ ಮಧ್ಯೆ ಚಮಚ ಕೆಳಗಿಟ್ಟಳು.

"ರಾತ್ರಿ ಭಟ್ಟಿ ಕೆಲಸ ಇನ್ನು ಅಳಿಯಂದ್ರಿಗೆ ಬಿಡಿ. ನೀವು ಎಲ್ಲರ ಹಾಗೆ ಹಗಲು ಎದ್ದಿರಿ, ರಾತ್ರಿ ಮಲಗಿ."

"ಭಟ್ಟಿ ಏನು ಪೇಂಟು ಡಬ್ಬಾನಾ, ಕಲಕಿಬಿಟ್ರೆ ಆಯ್ತು ಅನ್ನೋಕೆ?"

"ಕಲೀತೀನಿ ಮಾವ," ಎಂದ ಅಳಿಯ.

"ನೀವು ಕಲೀತೀರಿ ಅಳಿಯಂದ್ರೇ, ಅಷ್ಟರಲ್ಲಿ ಗಿರಾಕಿಗಳ ಹಲ್ಲು ಹೋಗಿರುತ್ತೆ."

ಮೂಲೆಯಲ್ಲಿ ಬ್ರೆಡ್ಡನ್ನು ಹಾಲಿಗೆ ಅದ್ದಿ ತಿನ್ನುತ್ತಿದ್ದ ಅಜ್ಜಿ, ಅಂದರೆ ಯಜಮಾನನ ತಾಯಿ, "ನಂಗೆ ಈಗ್ಲೇ ಇಲ್ಲ. ನನ್ನ ಲೆಕ್ಕಕ್ಕೆ ಹಿಡೀಬೇಡ," ಎಂದಳು.

ಬೇಕರಿಯಮ್ಮ ನಗಲಿಲ್ಲ. "ಅತ್ತೆ, ತಮಾಷೆ ಅಲ್ಲ. ನಾನು ಇವರ ಜೊತೆ ಕೂತು ಬಿಸಿ ಊಟ ಮಾಡಿದ್ದು ಯಾವಾಗ ಹೇಳಿ? ಭಾನುವಾರ ಒಂದೇ. ಅವತ್ತೂ ಇವರು ಅರ್ಧ ನಿದ್ದೇಲಿರ್ತಾರೆ."

"ಅಯ್ಯೋ, ಅದಕ್ಕೇ ನಾವು ಟಿಕೆಟ್ ಮಾಡ್ಸಿರೋದು," ಎಂದಳು ರಸ್ಕು. ಅಪ್ಪ ಅಮ್ಮನ ಮದುವೆ ವಾರ್ಷಿಕೋತ್ಸವಕ್ಕೆ ಹೇಳೋಣ ಎಂದಿಟ್ಟುಕೊಂಡಿದ್ದ ಗುಟ್ಟು ಬಾಯಿಂದ ಜಾರಿಬಿದ್ದಿತ್ತು. "ಹೊರದೇಶ. ಸಮುದ್ರದ ದಂಡೆ ಹಿಡ್ಕೊಂಡು ಬಸ್ಸಲ್ಲಿ ಒಂದು ವಾರ. ನಮ್ಮ ಭಾಷೆ ಮಾತಾಡೋ ಗೈಡು ಇರ್ತಾಳೆ. ನೀವಿಬ್ರೇ."

ಯಜಮಾನ ಹೆಂಡತಿಯ ಮುಖ ನೋಡಿದ. "ಸರಿ. ಅಲ್ಲಿ ಹಗಲು ಎದ್ದು, ರಾತ್ರಿ ಮಲಗಿ ನೋಡ್ತೀನಿ. ನನ್ನ ಕೈಲಾದ್ರೆ, ಬಂದ ಮೇಲೆ ಭಟ್ಟಿ ಅಳಿಯಂದ್ರಿಗೆ. ಆಗ್ದಿದ್ರೆ ಮತ್ತೆ ಈ ಮಾತು ಎತ್ಬಾರ್ದು."

"ಎತ್ತಲ್ಲ," ಎಂದಳು ಬೇಕರಿಯಮ್ಮ.

ಹೊರಡುವತನಕ ಮನೆ ತುಂಬ ಸುಟ್ಟ ವಾಸನೆ. ಅಳಿಯ ಮಾವನ ಪಕ್ಕ ನಿಂತು ಕಲಿಯುತ್ತಿದ್ದ. ಮೊದಲ ದಿನದ ಬ್ರೆಡ್ಡನ್ನು ಅಜ್ಜಿ ಮೇಜಿಗೆ ಕುಟ್ಟಿ ನೋಡಿ, "ಇದಕ್ಕೆ ಎರಡು ಕೋಟ್ ಪೇಂಟ್ ಹೊಡೆದ್ರೆ ಇಟ್ಟಿಗೆ ಅಂತ ಗೋಡೆಗೇ ಹಾಕಬಹುದು," ಎಂದಳು. ದಿನ ಕಳೆದಂತೆ ಬ್ರೆಡ್ಡು ಮೆತ್ತಗಾಯಿತು. ಬೇಕರಿಯಮ್ಮ ನೀಲಿ ಚಪ್ಪಲಿ ಕೊಂಡು, ಮನೆಯೊಳಗೇ ಹಾಕಿಕೊಂಡು ಓಡಾಡಿ ಅಭ್ಯಾಸ ಮಾಡಿಕೊಂಡಳು. ಏನೇನು ಮಾತಾಡಬೇಕು ಎಂದು ಯೋಚಿಸಿಟ್ಟುಕೊಂಡಳು. ಅಂಗಡಿಯ ಮಾತು ಬೇಡ, ಗ್ಯಾಸಿನ ಮಾತು ಬೇಡ ಎಂದು ಒಂದೊಂದಾಗಿ ತೆಗೆದುಹಾಕುತ್ತ ಹೋದರೆ ಉಳಿದದ್ದು ಬಹಳ ಕಡಿಮೆ. ಇರಲಿ, ಸಮುದ್ರ ಇರುತ್ತದಲ್ಲ, ಅದನ್ನು ನೋಡಿದರೆ ಮಾತು ತಾನಾಗಿ ಬರುತ್ತದೆ ಎಂದುಕೊಂಡಳು.

ಸಮುದ್ರ ಇತ್ತು. ಬಸ್ಸಿನ ಎಡಕ್ಕೆ, ಕಿಟಕಿ ತುಂಬ, ಊರಿಂದ ಊರಿಗೆ ಬಿಡದೆ ಜೊತೆಗೆ ಬರುತ್ತಿತ್ತು. ಬಣ್ಣ ಬಳಿದ ದೋಣಿಗಳು, ಬಂಡೆಯ ತುದಿಗೆ ಅಂಟಿಕೊಂಡ ಬಿಳಿ ಮನೆಗಳು, ಗೋಡೆ ಕುಸಿದ ಕೋಟೆ. ಯಜಮಾನ ಮೋಸ ಮಾಡಲಿಲ್ಲ, ಪಾಪ. ಕಣ್ಣಿಗೆ ನೀರು ಹಾಕಿಕೊಂಡ, ಲವಂಗ ಅಗಿದ, ತೊಡೆ ಚಿವುಟಿಕೊಂಡ. ಆದರೆ ಬಸ್ಸು ಹೊರಟು ಸೀಟು ತೂಗತೊಡಗಿದರೆ ಮುಗಿಯಿತು, ಕುತ್ತಿಗೆ ಮುರಿದವನ ಹಾಗೆ ಒರಗಿಬಿಡುತ್ತಿದ್ದ.

"ರೀ, ನೋಡ್ರೀ! ಮೀನು ಹಾರ್ತಿದೆ, ಎಷ್ಟು ದೊಡ್ಡದು!"

"ಹ್ಞೂಂ. ಚೆನ್ನಾಗಿದೆ," ಎನ್ನುತ್ತಿದ್ದ, ಕಣ್ಣು ತೆರೆಯದೆ.

ಹಿಂದಿನ ಸೀಟಿನಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರು ಮತ್ತು ಅವರ ಹೆಂಡತಿ. ಅವರದು ಬಾಯಿ ಮುಚ್ಚದ ಜಗಳ.

"ನನ್ನ ತಲೆ ಕತ್ತರಿಸಿ ಫೋಟೋ ತೆಗೆದಿದೀರಲ್ರೀ!"

"ಹಿಂದಿದ್ದ ಕೋಟೆ ಬೇಕಿತ್ತು ಕಣೇ. ನಿನ್ನ ತಲೆ ಮನೇಲೂ ನೋಡ್ತೀನಿ."

ಬಸ್ಸಿನವರೆಲ್ಲ ನಗುತ್ತಿದ್ದರು. ಬೇಕರಿಯಮ್ಮನಿಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಜಗಳವಾಡುವುದಕ್ಕೂ ಎದುರಿಗಿರುವವರು ಎದ್ದಿರಬೇಕಲ್ಲ.

ಹೋಟೆಲು ಸೇರಿ ಅವಳ ಕಣ್ಣು ಎಳೆಯುವ ಹೊತ್ತಿಗೆ ಅವನು ಅರಳುತ್ತಿದ್ದ. ಮಂಚದ ತುದಿಯಲ್ಲಿ ಕೂತು, ಎದ್ದು, ಕಿಟಕಿ ಬಳಿ ನಿಂತು, ಕೊನೆಗೆ "ನೀನು ಮಲಗು, ಒಂದು ಸುತ್ತು ಹೋಗಿ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದ. ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅವನ ಪ್ಯಾಂಟಿನ ಅಂಚಿಗೆ ಒದ್ದೆ ಮರಳು. ಎಲ್ಲಿಗೆ ಹೋಗಿದ್ದಿರಿ ಎಂದು ಅವಳು ಕೇಳುವಷ್ಟರಲ್ಲಿ ಅವನ ರೆಪ್ಪೆ ಇಳಿದಿರುತ್ತಿತ್ತು. ಮೆಟ್ಟಿಲಿನ ಮೇಲಾದರೆ ನಾಲ್ಕು ಮಾತಾದರೂ ಆಗುತ್ತಿದ್ದವು.

ಪ್ರವಾಸ ಮುಗಿಯುವ ಹಿಂದಿನ ದಿನ ಬಸ್ಸು ಒಂದು ದೀಪಸ್ತಂಭದ ಹತ್ತಿರ ನಿಂತಿತು. ಎತ್ತರದ ಬಂಡೆ, ಮೂರು ಕಡೆ ನೀರು. ಬೇಕರಿಯಮ್ಮ ಗಂಡನ ಭುಜ ಮುಟ್ಟಿದಳು, ಅಲುಗಾಡಿಸಿದಳು. "ರೀ, ಇದೊಂದು ನೋಡ್ರೀ. ಇದು ಕೊನೇದು."

"ಐದೇ ನಿಮಿಷ. ನೀನು ನಡಿ, ಬಂದೆ."

ಅವಳು ಎದ್ದಳು. ಬೆಳಿಗ್ಗೆ ಹೋಟೆಲಿನವರು ಕಟ್ಟಿಕೊಟ್ಟಿದ್ದ ಬ್ರೆಡ್ಡು, ಮೊಟ್ಟೆ, ಹಣ್ಣು ಎಲ್ಲ ಅವಳ ಡಬ್ಬಿಯಲ್ಲಿತ್ತು. ಎದ್ದಾಗ ಹಸಿದಿರುತ್ತಾರೆ ಎಂದು ಆ ಡಬ್ಬಿಯ ಮುಚ್ಚಳ ಗಟ್ಟಿ ಮಾಡಿ ತನ್ನ ಸೀಟಿನ ಮೇಲೆ, ಅವನ ಕೈಗೆ ಸಿಗುವ ಹಾಗೆ, ಇಟ್ಟಳು. ಕೈಚೀಲವನ್ನೂ ಅಲ್ಲೇ ಬಿಟ್ಟಳು, ಫೋನು ಅದರೊಳಗಿತ್ತು.

ದೀಪಸ್ತಂಭದ ಹಿಂದೆ ನೀರಿನವರೆಗೆ ಇಳಿಯುವ ಕಾಲುದಾರಿ ಇತ್ತು. ಕೆಳಗೆ ಬಂಡೆಗಳ ಮೇಲೆ ಹಕ್ಕಿಗಳು, ಒಂದಕ್ಕೊಂದು ಅಂಟಿಕೊಂಡು, ಕಿರುಚಾಡುತ್ತ. ಅವಳು ನೋಡುತ್ತ ನಿಂತುಬಿಟ್ಟಳು. ಗೈಡು ಊದಿದ ಸೀಟಿ ಅಲೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಮೇಲೆ ಬಂದಾಗ ಬಸ್ಸು ನಿಂತ ಜಾಗದಲ್ಲಿ ಬರಿ ಎಣ್ಣೆಯ ಕಲೆ.

ಆ ಗೈಡು ತಲೆ ಎಣಿಸುತ್ತಿರಲಿಲ್ಲ. "ಎಲ್ಲರೂ ನಿಮ್ಮ ಪಕ್ಕದವರು ಬಂದಿದಾರಾ ನೋಡ್ಕೊಳಿ," ಎಂದು ಕೂಗುತ್ತಿದ್ದಳು, ಬಂದಿಲ್ಲ ಎಂದು ಯಾರೂ ಹೇಳದಿದ್ದರೆ ಬಸ್ಸು ಹೊರಡುತ್ತಿತ್ತು. ಬಸ್ಸು ತುಂಬ ಗಂಡ ಹೆಂಡಿರೇ ಆದ್ದರಿಂದ ಯಾವತ್ತೂ ಎಡವಟ್ಟಾಗಿರಲಿಲ್ಲ.

ಮೊದಲಿಗೆ ಅವಳಿಗೆ ಭಯವೇನೂ ಆಗಲಿಲ್ಲ. ಬೆಂಚಿನ ಮೇಲೆ ಕೂತಳು. ಅವರಿಗೆ ಎಚ್ಚರ ಆಗುತ್ತದೆ, ಪಕ್ಕದಲ್ಲಿ ನೋಡುತ್ತಾರೆ, ನಾನಿಲ್ಲ, ಹೌಹಾರಿ ಬಸ್ಸು ನಿಲ್ಲಿಸುತ್ತಾರೆ. ಅವನ ಗಾಬರಿಯನ್ನು ಕಲ್ಪಿಸಿಕೊಂಡು ಅವಳಿಗೇ ಪಾಪ ಎನಿಸಿತು. ಬಂದೊಡನೆ ಬಯ್ಯಬಾರದು, ನಕ್ಕುಬಿಡಬೇಕು ಎಂದುಕೊಂಡಳು. ದಾರಿಯ ತಿರುವಿನಲ್ಲಿ ಪ್ರತಿ ಗಾಡಿ ಕಂಡಾಗಲೂ ಸೆರಗು ಸರಿಮಾಡಿಕೊಂಡು ಎದ್ದಳು. ಬಿಸಿಲು ಇಳಿಯಿತು. ಜನ ಒಬ್ಬೊಬ್ಬರೇ ಹೋದರು. ಗಾಳಿ ತಣ್ಣಗಾಯಿತು. ಆಮೇಲೆ ಗಾಡಿ ಬಂದರೂ ಅವಳು ಏಳಲಿಲ್ಲ.

ಕೊನೆಗೆ ಉಳಿದದ್ದು ಐಸ್‌ಕ್ರೀಮ್ ಮಾರುವ ವ್ಯಾನು. ಅದರೊಳಗಿದ್ದ ದಪ್ಪ ಹೆಂಗಸು ಕಿಟಕಿಯ ಹಲಗೆ ಮುಚ್ಚಿ, ಬಂದು, ಏನೋ ಕೇಳಿದಳು. ಬೇಕರಿಯಮ್ಮನಿಗೆ ಒಂದು ಪದವೂ ತಿಳಿಯಲಿಲ್ಲ. ತಾನೂ ತನ್ನ ಭಾಷೆಯಲ್ಲೇ, "ನಮ್ಮವರು ಬಸ್ಸಲ್ಲಿದಾರೆ. ಮಲಗಿದಾರೆ," ಎಂದಳು. ಆಮೇಲೆ ತಿರುವಿನ ಕಡೆ ಕೈ ತೋರಿಸಿ, "ಅವರಿಗೆ ಇನ್ನೂ ಗೊತ್ತಾಗಿಲ್ಲ," ಎಂದಳು. ಐಸ್‌ಕ್ರೀಮಿನವಳು ಬೇಕರಿಯಮ್ಮನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ, ಪ್ರವಾಸದವರು ಕೊಟ್ಟ ಬಿಲ್ಲೆ ತಿರುಗಿಸಿ, ಹೋಟೆಲಿನ ಹೆಸರು ಓದಿ, ಮುಂದಿನ ಸೀಟಿನ ಮೇಲಿದ್ದ ಕೋನುಗಳ ಪೊಟ್ಟಣ ಸರಿಸಿ ಜಾಗ ಮಾಡಿದಳು. ದಾರಿಯುದ್ದಕ್ಕೂ ಅವಳು ಏನೋ ಹೇಳುತ್ತಲೇ ಇದ್ದಳು, ಕೈ ಬೀಸಿ, ನಕ್ಕು, ಒಮ್ಮೆ ಸ್ಟೀರಿಂಗಿಗೆ ಗುದ್ದಿ. ಬಹುಶಃ ತನ್ನ ಗಂಡನ ಬಗ್ಗೆ ಇರಬೇಕು. ಆ ವಾರದಲ್ಲಿ ಬೇಕರಿಯಮ್ಮನ ಜೊತೆ ಯಾರಾದರೂ ಅಷ್ಟು ಮಾತಾಡಿದ್ದು ಅದೊಂದೇ ಸಲ.

ಹೋಟೆಲಿನ ಮುಂದಿನ ಕೋಣೆಯಲ್ಲಿ ಯಜಮಾನ ಸೋಫಾದಲ್ಲಿ ಕೂತಿದ್ದ. ಸ್ನಾನ ಮಾಡಿ, ತಲೆ ಬಾಚಿದ್ದ, ಕಣ್ಣು ಹೊಳೆಯುತ್ತಿತ್ತು. ಎದುರಿನ ಮೇಜಿನ ಮೇಲೆ ಡಬ್ಬಿ, ತೊಳೆದು, ಬೋರಲು.

ಅವಳನ್ನು ಕಂಡು ತಲೆಯೆತ್ತಿ, ಎಂದಿನ ಧಾಟಿಯಲ್ಲೇ ಕೇಳಿದ: "ಬಂದ್ಯಾ? ಅಂಗಡಿ ಮುಚ್ಚಿದ್ಯಾ?"

ಮಾತು ಹೊರಬಿದ್ದ ಮೇಲೆ ಅವನಿಗೇ ಕೇಳಿಸಿತು. ಅವಳ ಕೆದರಿದ ಕೂದಲು, ಚಳಿಗೆ ಬಿಳಿಚಿದ ತುಟಿ, ಬಾಗಿಲಲ್ಲಿ ನಿಂತ ಅಪರಿಚಿತ ಹೆಂಗಸು, ಎಲ್ಲ ಒಂದೊಂದಾಗಿ ಕಂಡವು. ಎದ್ದು ನಿಂತ. "ನೀನು... ಎಲ್ಲಿದ್ದೆ?"

"ಎದ್ದಾಗ ನಾನಿರ್ಲಿಲ್ವಲ್ಲ, ಏನನ್ಕೊಂಡ್ರಿ?"

ಅವನು ಸುಳ್ಳು ಹೇಳಲು ಬಾರದ ಮನುಷ್ಯ.

"ಏನೂ ಅನ್ಕೊಳ್ಲಿಲ್ಲ ಕಣೇ," ಎಂದ. "ದಿನಾ ಇರಲ್ವಲ್ಲ."

ಮನೆಗೆ ಬಂದ ದಿನ ಎಲ್ಲರೂ ಮೇಜಿನ ಸುತ್ತ ಸೇರಿದರು. ರಸ್ಕು ಫೋಟೋ ನೋಡುತ್ತ, "ಅಪ್ಪ ಒಂದ್ರಲ್ಲೂ ಕಣ್ಣೇ ಬಿಟ್ಟಿಲ್ವಲ್ಲ," ಎಂದಳು. ಅಜ್ಜಿಗೆ ಫೋಟೋ ಕಾಣದು. ಅವಳಿಗೆ ಬಾಯಿಮಾತಿನಲ್ಲಿ ಹೇಳಬೇಕು.

"ಸಮುದ್ರ ಹೇಗಿತ್ತೋ?"

"ಕಪ್ಪಗೆ, ತಣ್ಣಗೆ. ದೋಣಿಯೋರು ದೀಪ ಕಟ್ಕೊಂಡು ಬಲೆ ಎಳೀತಿರ್ತಾರೆ. ನಂಗೂ ಒಂದು ತುದಿ ಹಿಡ್ಕೋ ಅಂತ ಕೊಟ್ರು," ಎಂದ ಯಜಮಾನ.

"ಕಪ್ಪಗಾ? ನಿನ್ನ ಹೆಂಡ್ತಿ ಈಗ ತಾನೇ ನೀಲಿ ಅಂದ್ಲು. ದಡದ ತುಂಬ ಮಕ್ಕಳು ಅಂದ್ಲು."

"ಮಕ್ಕಳು ಯಾರೂ ಇರ್ಲಿಲ್ಲಮ್ಮ. ನಾಯಿ ಇತ್ತು ಒಂದು."

"ನೀವಿಬ್ರೂ ಒಂದೇ ಊರಿಗೆ ಹೋಗಿದ್ರೇನೋ?" ಎಂದು ಅಜ್ಜಿ ನಕ್ಕಳು. ರಸ್ಕುವೂ ನಕ್ಕಳು. ಬೇರೆ ಯಾರೂ ನಗದ್ದನ್ನು ಕಂಡು ನಿಲ್ಲಿಸಿದಳು.

ಬಲೆಯ ವಿಷಯ ಬೇಕರಿಯಮ್ಮನಿಗೆ ಗೊತ್ತೇ ಇರಲಿಲ್ಲ. ಪ್ಯಾಂಟಿನ ಅಂಚಿನ ಮರಳು ಎಲ್ಲಿಯದು ಎಂದು ಅವಳಿಗೆ ಈಗ ತಿಳಿಯಿತು.

ಆಗ ಯಜಮಾನನೇ ಹೇಳಿದ, ಬಸ್ಸಿನ ಕತೆ, ಡಬ್ಬಿಯ ಕತೆ, ಒಂದನ್ನೂ ಬಿಡದೆ. ರಸ್ಕು ಎದ್ದು ನಿಂತಳು. "ಅಪ್ಪಾ! ನೀನು ಡಬ್ಬಿ ತಿಂದು, ತೊಳೆದು, ಆರಾಮಾಗಿ ಕೂತಿದ್ಯಾ? ಅಮ್ಮ ಅಲ್ಲಿ..."

"ಅವನನ್ನ ಬಯ್ಬೇಡ," ಎಂದಳು ಅಜ್ಜಿ. ಅವಳ ದನಿ ಬೇರೆಯಾಗಿತ್ತು. "ನಿಮ್ಮ ತಾತಂದೂ ಇದೇ ಭಟ್ಟಿ, ಇದೇ ಹಗಲು ನಿದ್ದೆ. ಅವರು ನಿದ್ದೇಲೇ ಹೋದ ದಿನ ನಾನೂ ತಟ್ಟೆ ಮುಚ್ಚಿಟ್ಟೇ ಕೆಳಗೆ ಹೋಗಿದ್ದೆ. ಸಂಜೆ ಅಂಗಡಿ ಮುಚ್ಚಿ ಬಂದ್ರೆ ತಟ್ಟೆ ಹಾಗೇ ಇತ್ತು. ಆಗ್ಲೇ ನಂಗೆ ಗೊತ್ತಾಗಿದ್ದು. ಅಲ್ಲಿವರೆಗೆ ದಿನವೆಲ್ಲ ಬನ್ನು ಮಾರ್ತಾ ಇದ್ದೆ, ನಗ್ತಾ."

ಯಜಮಾನ ತನ್ನ ಅಂಗೈ ನೋಡಿಕೊಂಡ, ಹಿಟ್ಟು ನಾದಿ ನಾದಿ ಗೆರೆಯೇ ಉಳಿಯದ ಅಂಗೈ. "ನಾಳೆಯಿಂದ ಭಟ್ಟಿ ಅಳಿಯಂದ್ರಿಗೆ," ಎಂದ. "ನಾನು ಸೋತೆ ಅಂತ ಅಲ್ಲ. ಅಲ್ಲಿ ನನ್ನ ಕೈಲಿ ಆಗ್ಲಿಲ್ಲ, ನಿಜ. ಆದ್ರೂ ಬಿಡ್ತೀನಿ."

ಹೀಗೆ ಬೇಕರಿಯಮ್ಮ ಕೇಳಿದ್ದು ಅವಳಿಗೆ ಸಿಕ್ಕಿತು. ಗಂಡ ರಾತ್ರಿ ಪಕ್ಕದಲ್ಲಿ ಮಲಗುತ್ತಿದ್ದ, ಸೂರು ನೋಡುತ್ತ. ಹಗಲು ಅಂಗಡಿಯಲ್ಲಿ ಅಡ್ಡಡ್ಡ ಓಡಾಡಿ ಗಿರಾಕಿಗಳಿಗೆ ಡಿಕ್ಕಿ ಹೊಡೆಯುತ್ತಿದ್ದ. ಊಟಕ್ಕೆ ಎದುರುಬದುರು ಕೂರುತ್ತಿದ್ದರು. "ಉಪ್ಪು ಸರಿಯಿದ್ಯಾ?" "ಸರಿಯಿದೆ." ಮೆಟ್ಟಿಲು ದಾಟುವ ಅವಸರವಿಲ್ಲದೆ ಮಾತು ಎಲ್ಲಿಂದ ಶುರುಮಾಡಬೇಕೋ ಇಬ್ಬರಿಗೂ ತೋಚುತ್ತಿರಲಿಲ್ಲ. ಸ್ವಲ್ಪ ದಿನ ಹೋಗಲಿ ಎಂದು ಅವಳು ಸಮಾಧಾನ ಮಾಡಿಕೊಂಡಳು.

ಪಕ್ಕದ ಕೋಣೆಯಲ್ಲಿ ಸದ್ದಿರಲಿಲ್ಲ. ಅಳಿಯ ಹಗಲೆಲ್ಲ ನಿದ್ದೆ ಮಾಡುತ್ತಿದ್ದ. ಗಲ್ಲಾಪೆಟ್ಟಿಗೆಯ ಮುಂದೆ ಈಗ ರಸ್ಕು ಕೂರುತ್ತಿದ್ದಳು. ಗಿರಾಕಿಗಳ ಮೇಲೆ ಸಿಡುಕುವುದನ್ನೂ ಬಿಟ್ಟಿದ್ದಳು. ಟವೆಲ್ಲು ಯಾರದೆಂದು ಕೇಳುವವರಿಲ್ಲ. ಕಿಟಕಿ ಅವಳು ತೆಗೆದಿಟ್ಟರೆ ತೆಗೆದೇ ಇರುತ್ತಿತ್ತು.

ಮೂರನೇ ವಾರ, ಒಂದು ಸಂಜೆ, ನೀರು ಕುಡಿಯಲೆಂದು ಅಡುಗೆಮನೆಗೆ ಬಂದ ಬೇಕರಿಯಮ್ಮ ಅಲ್ಲೇ ನಿಂತಳು. ಕಟ್ಟೆಯ ಮೇಲೆ ಒಂದು ತಟ್ಟೆ, ಮುಚ್ಚಳ ಮುಚ್ಚಿ. ಅದೇ ಜಾಗ. ಮಗಳು ಕೈ ಒರೆಸಿಕೊಳ್ಳುತ್ತಿದ್ದಳು.

"ಯಾರಿಗೇ ಇದು?"

"ಇನ್ಯಾರಿಗೆ? ಏಳೋದು ಯಾವಾಗ್ಲೋ ಏನೋ. ತಣ್ಣಗಾಗುತ್ತೆ ಅಂತ ಮುಚ್ಚಿಟ್ಟೆ."

"ನೀನು ಉಂಡ್ಯಾ?"

"ಆಮೇಲೆ ಉಣ್ತೀನಿ ಬಿಡು. ಒಬ್ಬಳಿಗೇ ಏನು ಅವಸರ?"

ಬೇಕರಿಯಮ್ಮ ಮುಚ್ಚಳ ತೆಗೆದು ಪಾತ್ರೆ ತೊಳೆಯುವ ತೊಟ್ಟಿಯೊಳಗೆ ಹಾಕಿದಳು. ಅದು ಖಣ್ ಎಂದಿತು.

"ಅಮ್ಮ! ಏನಾಯ್ತು?"

"ಇನ್ನೊಂದು ತಟ್ಟೆ ಇಡು. ಅಳಿಯಂದ್ರನ್ನ ಎಬ್ಬಿಸು. ಇಬ್ರೂ ಒಟ್ಟಿಗೆ ಉಣ್ಣಿ. ಇವತ್ತು ಅವರು ಕೆಳಗೆ ಹೋಗೋದು ಬೇಡ."

"ಹಿಟ್ಟು ಯಾರು ಕಲಸ್ತಾರೆ? ಅಪ್ಪಾನ? ಮತ್ತೆ ಶುರುವಾಯ್ತಾ ನಿಮ್ದು?"

"ಅಪ್ಪ ಅಲ್ಲ, ನಾನು. ಇಷ್ಟು ವರ್ಷ ಮಾರಿದೀನಿ, ಮಾಡೋಕೆ ಬರಲ್ವಾ? ಇನ್ನು ಭಟ್ಟಿ ಅರ್ಧ ವಾರ ನಮ್ದು, ಅರ್ಧ ವಾರ ನಿಮ್ಮಿಬ್ರದು. ಬೆಳಿಗ್ಗೆ ಅಂಗಡಿ ಸ್ವಲ್ಪ ತಡವಾದ್ರೆ ಆಗ್ಲಿ, ಬೀದಿಯೇನು ಉಪವಾಸ ಬೀಳಲ್ಲ."

"ಅಪ್ಪಂಗೆ ಹೇಳಿದ್ಯಾ?"

"ಇಲ್ಲ," ಎಂದಳು. ಬಾಗಿಲ ಹಿಂದಿದ್ದ ಗಂಡನ ಏಪ್ರನ್ ತೆಗೆದುಕೊಂಡು, ಕಿರಿದಾದ ಮೆಟ್ಟಿಲಿಳಿದು ಕೆಳಗೆ ಹೋದಳು. ಮೂಲೆಯಿಂದ ಅಜ್ಜಿ, "ನಂಗೂ ಆವಾಗ ಇದು ಹೊಳೀಬಾರ್ದಿತ್ತಾ?" ಎಂದದ್ದು ಅವಳಿಗೆ ಕೇಳಿಸಲಿಲ್ಲ.

ಭಟ್ಟಿಯ ಕೋಣೆ ಬೆಚ್ಚಗಿತ್ತು. ಹಿಟ್ಟು ಅವಳೆಣಿಸಿದ್ದಕ್ಕಿಂತ ಭಾರ. ಎರಡೂ ಕೈ ಊರಿ, ಮೈಭಾರವನ್ನೆಲ್ಲ ಹಾಕಿ ನಾದಿದಳು. ಬೀದಿಯ ದೀಪಗಳು ಒಂದೊಂದಾಗಿ ಆರಿದವು. ಇಷ್ಟು ವರ್ಷ ಅವನೂ ಹೀಗೆ ಒಬ್ಬನೇ, ಈ ಬಲ್ಬಿನ ಕೆಳಗೆ, ಗೋಡೆಯ ಜೊತೆ ಇದ್ದನಲ್ಲ ಎಂದು ಮೊದಲ ಸಲ ಅನಿಸಿತು. ಮೇಲೆ ಮೇಜಿನ ಬಳಿ ಕುರ್ಚಿ ಎಳೆದ ಸದ್ದು, ಅಳಿಯನ ದನಿ, ಮಗಳ ಸಿಡುಕು, ನಗು.

ಹಿಟ್ಟು ಹದಕ್ಕೆ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿಯಿಲ್ಲದ ಹೆಜ್ಜೆ. ಯಜಮಾನ ಬಾಗಿಲಲ್ಲಿ ನಿಂತಿದ್ದ. ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿತ್ತು.

"ಇಲ್ಲಿದ್ಯಾ? ಬಚ್ಚಲು ನೋಡ್ದೆ, ಅಮ್ಮನ ಕೋಣೆ ನೋಡ್ದೆ, ಬೀದಿಗೂ ಹೋಗಿ ಬಂದೆ."

ಅವಳು ನಾದುವುದನ್ನು ನಿಲ್ಲಿಸಲಿಲ್ಲ. "ಯಾಕೆ?"

"ಪಕ್ಕದಲ್ಲಿ ನೀನಿರ್ಲಿಲ್ಲ."

ಅವಳ ಕೈ ಹಿಟ್ಟಿನೊಳಗೇ ನಿಂತಿತು. ಆಮೇಲೆ ಭುಜದಿಂದ ಕೆನ್ನೆ ಒರೆಸಿಕೊಂಡು, "ಕೈ ತೊಳ್ಕೊಂಡು ಬನ್ನಿ," ಎಂದಳು. "ಆ ತುದಿ ನೀವು ಹಿಡೀರಿ."

ಇಬ್ಬರೂ ಹಲಗೆಯ ಎರಡು ಬದಿಗೆ ನಿಂತರು. ಎರಡು ಸಲ ಹಿಟ್ಟು ಮಡಚಿದರು.

"ಬಲೆ ಎಳೆದ್ರಂತಲ್ಲ," ಎಂದಳು ಅವಳು. "ಭಾರ ಇತ್ತಾ?"

"ಇದರಷ್ಟೇ. ಕೈ ಕೊಯ್ಯುತ್ತೆ ಅದು." ಅವನು ಅಂಗೈ ತೋರಿಸಿದ. ಆಮೇಲೆ ತಡೆದು ತಡೆದು ಕೇಳಿದ: "ಆ ಬೆಂಚಿನ ಮೇಲೆ ಅಷ್ಟು ಹೊತ್ತು ಏನ್ ಮಾಡ್ದೆ ನೀನು?"

ಅವಳು ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಅಂಚು ಸರಿಮಾಡಿದಳು.

"ಹೇಳ್ತೀನಿ. ನಿದ್ದೆ ಬಂದ್ರೆ ಮೊದ್ಲೇ ಹೇಳ್ಬಿಡಿ."

"ಬರಲ್ಲ," ಎಂದ, ಹಿಟ್ಟಿನ ಮೂಟೆ ಎಳೆದು ಅದರ ಮೇಲೆ ಕೂತು. "ಹೇಳು."